ಕಾಬಾದ ಮೇಲೆ ನಿಂತ ಬಿಲಾಲ್

ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದೆ.



ಇವತ್ತಿನ ವಿಷಯ ಇಸ್ಲಾಂ ಧರ್ಮದ ಹುಟ್ಟು, ಅದರ ನಂಬಿಕೆ, ಅದರ ಮೊದಲ ಕಾಲದ ಚರಿತ್ರೆ. ಇದರ ಬಗ್ಗೆ ನಿಮ್ಮ ಕಿವಿಗೆ ಎರಡು ಥರದ ಮಾತು ಬಿದ್ದಿರುತ್ತೆ. ಇಸ್ಲಾಂ ಬರೀ ಕತ್ತಿಯಿಂದ ಹಬ್ಬಿದ ಧರ್ಮ ಅನ್ನೋದು ಒಂದು. ಇಸ್ಲಾಂ ಬಂದ ದಿನವೇ ಮನುಷ್ಯರೆಲ್ಲ ಸಮಾನರಾಗಿಬಿಟ್ಟರು ಅನ್ನೋದು ಇನ್ನೊಂದು. ಎರಡನ್ನೂ ಹೇಳುವವರು ಚರಿತ್ರೆ ಓದುವ ತೊಂದರೆ ತಗೊಂಡಿರೋದಿಲ್ಲ. ನಮ್ಮ ಬಗ್ಗೆ ಓದದೇ ಬರೆದವರು, ಕೇಳದೇ ತೀರ್ಪು ಕೊಟ್ಟವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್ನೊಬ್ಬರ ವಿಷಯಕ್ಕೆ ಬಂದಾಗ ನಾವು ಹಾಗೆ ಮಾಡಬಾರದು. ಓದಿಯೇ ಮಾತಾಡೋಣ.

ಕ್ರಿ.ಶ. 630. ಅರೇಬಿಯಾದ ಮೆಕ್ಕಾ ಊರು. ಎಂಟು ವರ್ಷದ ಹಿಂದೆ ಜೀವ ಉಳಿಸಿಕೊಳ್ಳೋಕೆ ಈ ಊರು ಬಿಟ್ಟಿದ್ದ ಪೈಗಂಬರ್ ಮುಹಮ್ಮದರು ಸುಮಾರು ಹತ್ತು ಸಾವಿರ ಜನರ ಜತೆ ವಾಪಸು ಬಂದರು. ಊರು ಹೆಚ್ಚು ರಕ್ತ ಹರಿಯದೆ ಶರಣಾಯಿತು. ಊರ ನಡುವಿನ ಕಾಬಾ ಗುಡಿಯಿಂದ ವಿಗ್ರಹಗಳನ್ನ ತೆಗೆಸಿದರು. ಪ್ರಾರ್ಥನೆಯ ಹೊತ್ತಾದಾಗ, ಕಾಬಾದ ಮಾಳಿಗೆ ಹತ್ತಿ ಅಜಾನ್ ಕೂಗಬೇಕು ಅಂತ ಒಬ್ಬರಿಗೆ ಹೇಳಿದರು. ಹತ್ತಿದವರು ಬಿಲಾಲ್ ಇಬ್ನ್ ರಬಾಹ್. ತಾಯಿ ಅಬಿಸೀನಿಯಾದ, ಅಂದರೆ ಇವತ್ತಿನ ಇಥಿಯೋಪಿಯಾ ಕಡೆಯ ಗುಲಾಮ ಹೆಂಗಸು. ಬಿಲಾಲರೂ ಇದೇ ಊರಲ್ಲಿ ಗುಲಾಮರಾಗಿ ದುಡಿದವರು, ಇದೇ ಬೀದಿಯಲ್ಲಿ ಹೊಡೆತ ತಿಂದವರು. ಕೆಳಗೆ ನಿಂತಿದ್ದ ಕುರೈಷ್ ಕುಲದ ದೊಡ್ಡಮನುಷ್ಯರಿಗೆ ಹೊಟ್ಟೆಯಲ್ಲಿ ಬೆಂಕಿ. ಇದನ್ನ ನೋಡೋಕೆ ನಮ್ಮಪ್ಪ ಬದುಕಿಲ್ಲದೆ ಇದ್ದದ್ದೇ ಒಳ್ಳೇದಾಯ್ತು ಅಂತ ಒಬ್ಬ ಗೊಣಗಿಕೊಂಡನಂತೆ. ಮನುಷ್ಯರನ್ನ ಕುಲ ಕುಲಗಳಾಗಿ ಮಾಡಿರೋದು ಒಬ್ಬರನ್ನೊಬ್ಬರು ಗುರುತು ಹಿಡಿಯಲಿ ಅಂತ, ನಡತೆಯಲ್ಲಿ ದೊಡ್ಡವನೇ ದೇವರ ಕಣ್ಣಲ್ಲಿ ದೊಡ್ಡವನು ಅನ್ನೋ ಅರ್ಥದ ಮಾತು ಕುರಾನಿನಲ್ಲಿದೆ. ಆ ಮಾತು ಬಂದದ್ದು ಇದೇ ಸಂದರ್ಭದಲ್ಲಿ ಅಂತ ಕೆಲವು ಹಳೆಯ ವ್ಯಾಖ್ಯಾನಕಾರರು ಬರೆದಿದ್ದಾರೆ.

ಗುಲಾಮ ಅಂದ ಕೂಡಲೇ ಬರೆಯುವವರ ಕೈ ಏಕವಚನಕ್ಕೆ ಇಳಿದುಬಿಡುತ್ತೆ. ಏಕವಚನ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬಿಲಾಲರನ್ನ ಬಹುವಚನದಲ್ಲೇ ಕರೀತೀನಿ.

ಬಿಲಾಲ್ ಆ ಮಾಳಿಗೆ ಹತ್ತಿದ್ದು ಹೇಗೆ, ಅವರ ನಂತರ ಅವರಂಥವರು ಎಲ್ಲಿ ನಿಂತರು ಅನ್ನೋದೇ ಇವತ್ತಿನ ನನ್ನ ಮಾತು.

ಮೆಕ್ಕಾ ಎಂಥ ಊರು

ಮೆಕ್ಕಾ ಅಂದರೆ ಬೋಳುಗುಡ್ಡಗಳ ನಡುವಿನ ಒಣ ಕಣಿವೆ. ಬೇಸಾಯ ಇಲ್ಲ. ಇದ್ದದ್ದು ಜಮ್‌ಜಮ್ ಬಾವಿ, ಕಾಬಾ ಗುಡಿ, ಗುಡಿಗೆ ಬರುವ ಯಾತ್ರಿಕರು, ಮತ್ತೆ ವ್ಯಾಪಾರ. ಮಸಾಲೆ, ರೇಷ್ಮೆ, ಸುಗಂಧದ ವ್ಯಾಪಾರದಿಂದ ಮೆಕ್ಕಾ ಕುಬೇರನ ಊರಾಗಿತ್ತು ಅಂತ ಹಿಂದಿನ ಚರಿತ್ರಕಾರರು ಬರೆಯುತ್ತಿದ್ದರು. ಪ್ಯಾಟ್ರಿಷಿಯಾ ಕ್ರೋನ್ ಎಂಬ ವಿದ್ವಾಂಸೆ 1987ರಲ್ಲಿ ತಮ್ಮ ಪುಸ್ತಕದಲ್ಲಿ ಅದನ್ನ ಪ್ರಶ್ನಿಸಿದರು. ಆಧಾರಗಳನ್ನ ನೋಡಿದರೆ ಮೆಕ್ಕಾದವರು ಸಾಗಿಸುತ್ತಿದ್ದದ್ದು ಹೆಚ್ಚಾಗಿ ಚರ್ಮ, ಉಣ್ಣೆ, ಬಟ್ಟೆಯಂಥ ಸಾಮಾನ್ಯ ಸರಕು ಅಂದರು. ಹೌದು, ಚರ್ಮ. ಜೀನು, ನೀರಿನ ಚೀಲ, ಗುಡಾರ, ಚಪ್ಪಲಿ ಎಲ್ಲಕ್ಕೂ ಅದೇ. ಕುರಾನಿನ ಮಾತುಗಳನ್ನ ಮೊದಮೊದಲು ಬರೆದಿಟ್ಟದ್ದೂ ಚರ್ಮದ ತುಂಡು, ಖರ್ಜೂರದ ಗರಿಯ ದಿಂಡು, ಒಂಟೆಯ ಹೆಗಲ ಮೂಳೆ ಇವುಗಳ ಮೇಲೆ ಅಂತ ಪರಂಪರೆ ಹೇಳುತ್ತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಹಳೆಯ ಕುರಾನ್ ಹಾಳೆಗಳನ್ನ ಪರೀಕ್ಷೆ ಮಾಡಿ, ಆ ಚರ್ಮ 568ರಿಂದ 645ರ ಒಳಗಿನದು ಅಂತ 2015ರಲ್ಲಿ ಪ್ರಕಟಿಸಿದರು. ಒಂದು ಮಹಾಗ್ರಂಥದ ಮಾತು ಚಕ್ಕಳದ ಮೇಲೆ ಉಳಿದು ಬಂತು. ಅದನ್ನ ಮುಟ್ಟಿದವರಿಗೆ ಮೈಲಿಗೆ ಆಗಲಿಲ್ಲ.

ಆ ಊರಲ್ಲಿ ಕುಲವೇ ಕಾನೂನು. ನಿಮ್ಮನ್ನ ಯಾರಾದರೂ ಕೊಂದರೆ ನಿಮ್ಮ ಕುಲದವರು ಸೇಡು ತೀರಿಸಿಕೊಳ್ಳುತ್ತಾರೆ ಅನ್ನೋ ಭಯವೇ ನಿಮಗೆ ರಕ್ಷಣೆ. ಕುಲ ಇಲ್ಲದವರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ಸೇರಿದವರಿಗೆ ಏನು ಮಾಡಿದರೂ ಕೇಳುವವರಿಲ್ಲ. ಹೆಣ್ಣು ಕೂಸನ್ನ ಜೀವಂತ ಹೂಳುವ ಪದ್ಧತಿ ಇತ್ತು. ಕುರಾನ್ ಅದನ್ನ ಕಟುವಾಗಿ ಖಂಡಿಸುತ್ತೆ.

ಮುಹಮ್ಮದರು ಹುಟ್ಟಿದ್ದು ಸುಮಾರು 570ರಲ್ಲಿ. ಹುಟ್ಟುವ ಮೊದಲೇ ತಂದೆ ಇಲ್ಲ. ಆರು ವರ್ಷಕ್ಕೆ ತಾಯಿ ಹೋದರು, ಎಂಟಕ್ಕೆ ಅಜ್ಜ ಹೋದರು. ದೊಡ್ಡ ಕುಲದವರಾದರೂ ತಬ್ಬಲಿ. ಬೆಳೆಸಿದ್ದು ದೊಡ್ಡಪ್ಪ ಅಬೂ ತಾಲಿಬ್. ಆಮೇಲೆ ಖದೀಜಾ ಎಂಬ ವಿಧವೆ ವ್ಯಾಪಾರಿಯ ಸರಕು ಸಾಗಿಸುವ ಕೆಲಸ. ಖದೀಜಾ ಅವರೇ ಮದುವೆಯ ಮಾತು ಎತ್ತಿದರು. 610ರ ಸುಮಾರಿಗೆ, ರಂಜಾನ್ ತಿಂಗಳಲ್ಲಿ, ಹಿರಾ ಗುಹೆಯಲ್ಲಿ ಅವರಿಗೆ ದೈವವಾಣಿ ಕೇಳಿಸಿತು ಅನ್ನೋದು ಮುಸ್ಲಿಮರ ನಂಬಿಕೆ. ಆ ವಾಣಿಯ ಮೊದಲ ಆಜ್ಞೆ ಓದು ಅನ್ನೋದು. ಹಾಸ್ಟೆಲಿನಲ್ಲಿ ಕೂತು ಓದುವವರು ಇದನ್ನ ನೆನಪಿಟ್ಟುಕೊಳ್ಳಿ.

ಮೊದಲು ಬಂದವರು ಯಾರು

ಮೊದಲು ನಂಬಿದ್ದು ಖದೀಜಾ. ಆಮೇಲೆ ಮನೆಯಲ್ಲೇ ಬೆಳೆಯುತ್ತಿದ್ದ ಹುಡುಗ ಅಲಿ, ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಜೈದ್, ಸ್ನೇಹಿತ ಅಬೂಬಕರ್. ಪೈಗಂಬರರ ಸಂಗಾತಿಗಳಲ್ಲಿ ಕುರಾನ್ ಹೆಸರು ಹಿಡಿದು ಹೇಳಿರೋದು ಒಬ್ಬರನ್ನ ಮಾತ್ರ. ಅದು ಈ ಜೈದ್ ಅವರ ಹೆಸರು. ಖಲೀಫರಾದವರ ಹೆಸರೂ ಅಲ್ಲಿಲ್ಲ.

ಆಮೇಲೆ ಬಂದವರ ಪಟ್ಟಿ ನೋಡಿ. ಖಬ್ಬಾಬ್, ಕಮ್ಮಾರ ಕೆಲಸದ ಗುಲಾಮ. ಅವರನ್ನ ಕೆಂಡದ ಮೇಲೆ ಮಲಗಿಸಿದರು. ಸುಮೈಯಾ, ಗುಲಾಮ ಹೆಂಗಸು, ಅಮ್ಮಾರ್ ಅವರ ತಾಯಿ. ಅಬೂ ಜಹಲ್ ಎಂಬ ಊರ ದೊಡ್ಡಮನುಷ್ಯ ಆಕೆಯನ್ನ ಈಟಿಯಿಂದ ತಿವಿದು ಕೊಂದ. ಇಸ್ಲಾಮಿಗಾಗಿ ಮೊದಲು ಪ್ರಾಣ ಕೊಟ್ಟದ್ದು ಯಾವ ಸೇನಾಪತಿಯೂ ಅಲ್ಲ, ಈ ತಾಯಿ. ಬಿಲಾಲರನ್ನ ಅವರ ಧಣಿ ಉಮೈಯಾ ಸುಡುವ ಮರಳಲ್ಲಿ ಅಂಗಾತ ಮಲಗಿಸಿ ಎದೆಯ ಮೇಲೆ ಬಂಡೆ ಹೇರುತ್ತಿದ್ದ. ದೇವರು ಒಬ್ಬನೇ ಅನ್ನೋದನ್ನ ಮಾತ್ರ ಅವರು ಬಿಡಲಿಲ್ಲ. ಅಬೂಬಕರ್ ಅವರು ಬೆಲೆ ಕೊಟ್ಟು ಬಿಡಿಸಿಕೊಂಡರು.

ದೇವರು ಒಬ್ಬನೇ ಅಂದರೆ ಧಣಿಗಳಿಗೆ ಯಾಕೆ ಅಷ್ಟು ಸಿಟ್ಟು? ಕುಲಕ್ಕೊಂದು ದೇವರು ಇರುವ ಕಡೆ ಕುಲದ ಹಿರಿಯನೂ ಅರ್ಧ ದೇವರೇ. ಎಲ್ಲರಿಗೂ ಒಬ್ಬನೇ ದೇವರು ಅಂದರೆ ಧಣಿಯ ಮೇಲೂ ಒಬ್ಬ ಧಣಿ ಇದ್ದಾನೆ ಅಂತಾಯ್ತು. ಸತ್ತ ಮೇಲೆ ಎಲ್ಲರಿಗೂ ಒಂದೇ ವಿಚಾರಣೆ ಅಂದರೆ, ಗುಲಾಮನನ್ನ ಹೊಡೆದವನೂ ಉತ್ತರ ಹೇಳಬೇಕು ಅಂತಾಯ್ತು. ಗುಲಾಮರಿಗೆ ಇದು ಬೇಗ ಅರ್ಥವಾಯಿತು. ಧಣಿಗಳಿಗೂ ಅಷ್ಟೇ ಬೇಗ ಅರ್ಥವಾಯಿತು.

ಇನ್ನೊಂದು ಪ್ರಸಂಗ. ಪೈಗಂಬರರು ಕುರೈಷ್ ಮುಖಂಡರ ಜತೆ ಮಾತಾಡುತ್ತಿದ್ದರು. ಅವರನ್ನ ಒಲಿಸಿಕೊಂಡರೆ ಊರೇ ಒಲಿಯುತ್ತೆ ಅನ್ನೋ ಆಸೆ. ಆಗ ಇಬ್ನ್ ಉಮ್ಮ್ ಮಕ್ತೂಮ್ ಎಂಬ ಕುರುಡರು ಬಂದು ಏನೋ ಕೇಳಿದರು. ಪೈಗಂಬರರು ಮುಖ ಸಿಂಡರಿಸಿ ತಿರುಗಿಸಿಕೊಂಡರು. ಉಳ್ಳವನ ಹಿಂದೆ ಹೋಗಿ, ಹುಡುಕಿಕೊಂಡು ಬಂದ ಬಡವನನ್ನ ಕಡೆಗಣಿಸಿದೆಯಲ್ಲ ಅಂತ ಪೈಗಂಬರರನ್ನೇ ಆಕ್ಷೇಪಿಸುವ ಅಧ್ಯಾಯ ಕುರಾನಿನಲ್ಲಿದೆ. ತನ್ನನ್ನ ತಂದವರನ್ನೇ ಬೈಯುವ ಆ ಮಾತನ್ನ ಅವರು ಅಳಿಸಲಿಲ್ಲ, ಎಲ್ಲರೂ ಓದಲಿ ಅಂತ ಉಳಿಸಿದರು. ಆ ಕುರುಡರು ಮುಂದೆ ಮದೀನಾದಲ್ಲಿ ಬಿಲಾಲರ ಜತೆ ಅಜಾನ್ ಕೂಗುವವರಾದರು.

ನಂಬಿಕೆಯ ಐದು ಕಂಬ

ಮುಸ್ಲಿಮರ ನಂಬಿಕೆಗೆ ಐದು ಕಂಬ ಅನ್ನೋದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀರಿ. ದೇವರು ಒಬ್ಬನೇ, ಮುಹಮ್ಮದರು ಅವನ ದೂತರು ಅನ್ನುವ ಸಾಕ್ಷಿ. ದಿನಕ್ಕೆ ಐದು ಹೊತ್ತಿನ ನಮಾಜು. ಜಕಾತ್. ರಂಜಾನ್ ಉಪವಾಸ. ಕೈಲಾದವರಿಗೆ ಜೀವಮಾನದಲ್ಲಿ ಒಮ್ಮೆ ಹಜ್ ಯಾತ್ರೆ. ಆದಂ, ಇಬ್ರಾಹಿಂ, ಮೂಸಾ, ಈಸಾ ಇವರೆಲ್ಲ ಹಿಂದಿನ ಪ್ರವಾದಿಗಳು, ಮುಹಮ್ಮದರು ಕೊನೆಯವರು. ಹುಟ್ಟಿನಿಂದ ಬಂದ ಪುರೋಹಿತ ವರ್ಗ ಇಲ್ಲ. ಸುನ್ನಿಗಳಾಗಲಿ ಷಿಯಾಗಳಾಗಲಿ, ಬುಡದ ನಂಬಿಕೆ ಇದೇ.

ಈ ಐದನ್ನ ದುಡಿಯುವವನ ಕಣ್ಣಿಂದ ನೋಡಿ. ನಮಾಜಿನ ಸಾಲಿನಲ್ಲಿ ಮೊದಲು ಬಂದವನು ಮುಂದೆ, ತಡವಾಗಿ ಬಂದವನು ಹಿಂದೆ, ಭುಜಕ್ಕೆ ಭುಜ ತಾಗಬೇಕು. ಮುಟ್ಟದೆ ನಮಾಜು ಇಲ್ಲ. ಜಕಾತ್ ಅಂದರೆ ವರ್ಷದ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ. ಅದು ಭಿಕ್ಷೆ ಅಲ್ಲ, ಬಡವರ ಹಕ್ಕಿನ ಪಾಲು. ಜಕಾತ್ ಸಲ್ಲಬೇಕಾದ ಎಂಟು ಬಾಬತ್ತುಗಳನ್ನ ಕುರಾನ್ ಎಣಿಸುತ್ತೆ, ಗುಲಾಮರ ಬಿಡುಗಡೆ ಅವುಗಳಲ್ಲಿ ಒಂದು. ಹಜ್‌ನಲ್ಲಿ ಗಂಡಸರಿಗೆ ಹೊಲಿಗೆ ಇಲ್ಲದ ಎರಡು ತುಂಡು ಬಟ್ಟೆ. ರಾಜ ಯಾರು, ಹಮಾಲಿ ಯಾರು ಬಟ್ಟೆ ನೋಡಿ ಹೇಳೋಕಾಗೋದಿಲ್ಲ.

ಹೆಣ್ಣುಮಕ್ಕಳ ವಿಷಯ. ಕುರಾನಿನ ಮಾತು ಗಂಡಸರನ್ನ ಮಾತ್ರ ಉದ್ದೇಶಿಸುತ್ತೆ ಯಾಕೆ ಅಂತ ಪೈಗಂಬರರ ಹೆಂಡತಿ ಉಮ್ಮ್ ಸಲಮಾ ಕೇಳಿದರಂತೆ. ಗಂಡಸರನ್ನೂ ಹೆಂಗಸರನ್ನೂ ಜೋಡಿ ಜೋಡಿಯಾಗಿ ಹೆಸರಿಸುವ ವಾಕ್ಯ ಆಮೇಲೆ ಬಂತು ಅಂತ ಪರಂಪರೆ ಹೇಳುತ್ತೆ. ಹೆಣ್ಣಿಗೆ ಆಸ್ತಿಯ ಪಾಲು ಬಂತು. ಆದರೆ ಅಣ್ಣತಮ್ಮಂದಿರ ಪಾಲಿನ ಅರ್ಧ. ಗಂಡಿಗೆ ನಾಲ್ಕು ಮದುವೆಯ ತನಕ ಅವಕಾಶ ಉಳಿಯಿತು. ಬಂದದ್ದೆಷ್ಟು, ಉಳಿದದ್ದೆಷ್ಟು ಎರಡನ್ನೂ ಲೆಕ್ಕ ಹಾಕಬೇಕು.

ಮದೀನಾದ ಜಗುಲಿ

615ರ ಸುಮಾರಿಗೆ ಮೆಕ್ಕಾದಲ್ಲಿ ಹಿಂಸೆ ತಾಳಲಾರದೆ ಒಂದಷ್ಟು ಜನ ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋದರು. ಅಲ್ಲಿನ ಕ್ರೈಸ್ತ ರಾಜ ಆಶ್ರಯ ಕೊಟ್ಟ. ಉಳಿದವರಿಗೆ ಮೆಕ್ಕಾದವರು ಬಹಿಷ್ಕಾರ ಹಾಕಿದರು. ಪೈಗಂಬರರ ಮನೆತನದ ಜತೆ ವ್ಯಾಪಾರ ಇಲ್ಲ, ಕೊಡುಕೊಳ್ಳುವ ಸಂಬಂಧ ಇಲ್ಲ. ಬಹಿಷ್ಕಾರ ಅಂದರೆ ಏನು ಅಂತ ನಿಮ್ಮೂರಲ್ಲಿ ಕೇಳಿ, ಹೇಳ್ತಾರೆ. 622ರಲ್ಲಿ ಪೈಗಂಬರರು ಯತ್ರಿಬ್ ಊರಿಗೆ ವಲಸೆ ಹೋದರು. ಆ ಊರೇ ಮದೀನಾ ಆಯಿತು. ಮುಸ್ಲಿಮರ ಹಿಜರಿ ಶಕೆ ಶುರುವಾಗೋದು ಪೈಗಂಬರರ ಹುಟ್ಟಿನಿಂದಲ್ಲ, ಯಾವ ಗೆಲುವಿನಿಂದಲೂ ಅಲ್ಲ, ಈ ವಲಸೆಯಿಂದ.

ಮೆಕ್ಕಾದಿಂದ ಬರಿಗೈಲಿ ಬಂದ ಒಬ್ಬೊಬ್ಬರನ್ನ ಮದೀನಾದ ಒಬ್ಬೊಬ್ಬರಿಗೆ ಅಣ್ಣತಮ್ಮ ಅಂತ ಜೋಡಿ ಮಾಡಿದರು. ಖರ್ಜೂರದ ಕಾಂಡ ನೆಟ್ಟು, ಗರಿ ಹೊದಿಸಿ ಮಸೀದಿ ಕಟ್ಟಿದರು. ಅದರ ಒಂದು ಮಗ್ಗುಲಲ್ಲಿ ಚಪ್ಪರ ಹಾಕಿದ ಜಗುಲಿ. ಅದಕ್ಕೆ ಸುಫ್ಫಾ ಅಂತ ಹೆಸರು. ಮನೆ ಮಠ ಇಲ್ಲದ ಬಡವರು ಅಲ್ಲೇ ಮಲಗೋದು, ಬಂದದ್ದನ್ನ ಹಂಚಿ ತಿನ್ನೋದು, ಕಲಿಯೋದು. ಪೈಗಂಬರರ ಅತಿ ಹೆಚ್ಚು ಮಾತುಗಳನ್ನ ಮುಂದಿನವರಿಗೆ ದಾಟಿಸಿದ ಅಬೂ ಹುರೈರಾ ಈ ಜಗುಲಿಯಲ್ಲಿ ಹಸಿದು ಮಲಗಿದವರೇ. ಹಾಸ್ಟೆಲ್ ಅಂದರೆ ಅದೇ ತಾನೆ? 624ರ ಬದರ್ ಯುದ್ಧದಲ್ಲಿ ಸೆರೆ ಸಿಕ್ಕ ಮೆಕ್ಕಾದವರಲ್ಲಿ ದುಡ್ಡಿಲ್ಲದ, ಆದರೆ ಅಕ್ಷರ ಬಲ್ಲವರಿಗೆ, ಹತ್ತು ಮಕ್ಕಳಿಗೆ ಬರೆಯೋದು ಕಲಿಸಿದರೆ ಬಿಡುಗಡೆ ಅಂತ ಷರತ್ತು ಹಾಕಿದರು ಅಂತಲೂ ಹಳೆಯ ದಾಖಲೆ ಇದೆ.

ಮದೀನಾದಲ್ಲಿ ಎಲ್ಲವೂ ಅಣ್ಣತಮ್ಮಂದಿರ ಕಥೆ ಅಲ್ಲ. ಅಲ್ಲಿದ್ದ ಯಹೂದಿ ಕುಲಗಳ ಜತೆ ಮೊದಲು ಒಪ್ಪಂದ ಇತ್ತು, ಆಮೇಲೆ ಮುರಿಯಿತು. ಎರಡು ಕುಲಗಳನ್ನ ಊರಿಂದ ಹೊರಗೆ ಹಾಕಿದರು. 627ರಲ್ಲಿ ಮೂರನೆಯ ಕುಲದ ಮೇಲೆ ಯುದ್ಧದಲ್ಲಿ ದ್ರೋಹ ಮಾಡಿದ ಆರೋಪ ಬಂದು, ಅದರ ಗಂಡಸರನ್ನ ಕೊಂದರು, ಹೆಂಗಸರು ಮಕ್ಕಳನ್ನ ಗುಲಾಮರನ್ನಾಗಿ ಮಾಡಿದರು. ಹೀಗಂತ ಮುಸ್ಲಿಂ ಚರಿತ್ರಕಾರರೇ ಬರೆದಿದ್ದಾರೆ. ಪೈಗಂಬರರ ಜೀವನಚರಿತ್ರೆಯನ್ನ ಮೊದಲು ವಿಸ್ತಾರವಾಗಿ ಜೋಡಿಸಿದ ಇಬ್ನ್ ಇಸ್ಹಾಕ್ ತೀರಿಕೊಂಡದ್ದು 767ರ ಸುಮಾರಿಗೆ. ನೂರಕ್ಕೂ ಹೆಚ್ಚು ವರ್ಷ ಬಾಯಿಂದ ಬಾಯಿಗೆ ಬಂದ ಕಥೆಗಳನ್ನ ಅವರು ಬರೆದರು. ಆದ್ದರಿಂದ ಹೊಗಳಿಕೆಯನ್ನೂ ತೆಗಳಿಕೆಯನ್ನೂ ತೂಗಿ ನೋಡಿಯೇ ತಗೋಬೇಕು.

ಈ ಹೊಸ ಸಮಾಜದ ಒಳಗೂ ಹಳೆಯ ರೋಗ ಹೋಗಿರಲಿಲ್ಲ. ಅಬೂ ಜರ್ ಗಿಫಾರಿ ಎಂಬ ಒಳ್ಳೆಯ ಮನುಷ್ಯರು ಒಂದು ದಿನ ಜಗಳದಲ್ಲಿ ಒಬ್ಬರನ್ನ ತಾಯಿಯ ಹುಟ್ಟು ಎತ್ತಿ ಹಂಗಿಸಿದರು. ಬೈಸಿಕೊಂಡವರು ಬಿಲಾಲರೇ ಅಂತ ಮುಂದಿನವರು ಹೇಳುತ್ತಾರೆ. ಪೈಗಂಬರರು ಅಬೂ ಜರ್ ಅವರಿಗೆ, ನಿನ್ನೊಳಗೆ ಇನ್ನೂ ಹಳೆಯ ಅಜ್ಞಾನ ಉಳಿದಿದೆ, ನೀನು ತಿನ್ನೋದನ್ನೇ ನಿನ್ನ ಕೈಕೆಳಗಿನವನಿಗೆ ತಿನ್ನಿಸು, ಉಡೋದನ್ನೇ ಉಡಿಸು ಅನ್ನುವ ಅರ್ಥದಲ್ಲಿ ಗದರಿಸಿದರು. ಅಬೂ ಜರ್ ಅದನ್ನ ಮರೆಯಲಿಲ್ಲ. ಅವರೂ ಅವರ ಗುಲಾಮನೂ ಒಂದೇ ಥರದ ಬಟ್ಟೆ ಹಾಕ್ತಿದ್ದರು ಅಂತ ನೋಡಿದವರು ಸಾಕ್ಷಿ ಹೇಳಿದ್ದಾರೆ. ಈ ಅಬೂ ಜರ್ ಹೆಸರು ಮತ್ತೆ ಬರುತ್ತೆ, ನೆನಪಿಡಿ.

ಗದ್ದುಗೆಯ ಪ್ರಶ್ನೆ

ನಮಾಜಿನ ಸಾಲಿನಲ್ಲಿ ಸಮಾನತೆ ಬಂತು. ಆದರೆ ಸಮಾಜ ಅಂದರೆ ಬರೀ ಪ್ರಾರ್ಥನೆಯ ಸಾಲು ಅಲ್ಲ. ಗದ್ದುಗೆ ಇದೆ, ಬೊಕ್ಕಸ ಇದೆ, ಮದುವೆ ಇದೆ, ದುಡಿಮೆ ಇದೆ. ಈ ನಾಲ್ಕು ಕಡೆ ಏನಾಯಿತು ನೋಡೋಣ.

632ರಲ್ಲಿ, ಸಾಯುವ ಮೊದಲು, ಪೈಗಂಬರರು ಒಂದು ದಂಡಿಗೆ ಉಸಾಮಾ ಎಂಬ ಹುಡುಗನನ್ನ ಸೇನಾಪತಿ ಮಾಡಿದರು. ತಂದೆ ಅದೇ ಜೈದ್, ಬಿಡುಗಡೆಯಾದ ಗುಲಾಮರು. ತಾಯಿ ಉಮ್ಮ್ ಐಮನ್, ಅಬಿಸೀನಿಯಾದವರು. ವಯಸ್ಸು ಇಪ್ಪತ್ತರ ಒಳಗೆ ಹೊರಗೆ, ನಿಮ್ಮದೇ. ಹಿರಿಯರು ಗೊಣಗಿದರು. ಇವನ ತಂದೆಯನ್ನ ಮಾಡಿದಾಗಲೂ ನೀವು ಹೀಗೇ ಗೊಣಗಿದಿರಿ ಅಂತ ಪೈಗಂಬರರು ಹೇಳಿ ನಿರ್ಧಾರ ಬದಲಿಸಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು. ಮಣ್ಣು ಆಗುವ ಮೊದಲೇ ಮದೀನಾದವರು ಒಂದು ಚಾವಡಿಯಲ್ಲಿ ಸೇರಿದರು. ನಾವು ಆಶ್ರಯ ಕೊಟ್ಟವರು, ನಮ್ಮವರೂ ಒಬ್ಬರು ನಾಯಕರಾಗಲಿ ಅಂದರು. ಅರಬರು ಕುರೈಷ್ ಕುಲದವರನ್ನ ಬಿಟ್ಟು ಬೇರೆಯವರನ್ನ ಒಪ್ಪೋದಿಲ್ಲ ಅನ್ನುವ ವಾದ ಗೆದ್ದಿತು. ಅಬೂಬಕರ್ ಮೊದಲ ಖಲೀಫ ಆದರು. ಅವರು ಸರಳ ಮನುಷ್ಯರು, ಉಸಾಮಾ ದಂಡನ್ನ ಹಾಗೇ ಕಳಿಸಿಕೊಟ್ಟರು. ಆದರೆ ಆ ಚಾವಡಿಯಲ್ಲಿ ಕುಲ ಹಿಂಬಾಗಿಲಿಂದ ಒಳಗೆ ಬಂತು.

ಆಮೇಲೆ ಉಮರ್, ಉಸ್ಮಾನ್, ಅಲಿ. 656ರಲ್ಲಿ ಉಸ್ಮಾನರ ಕೊಲೆ, ಒಳಯುದ್ಧ, 661ರಲ್ಲಿ ಅಲಿಯವರ ಕೊಲೆ. ಕೊನೆಗೆ ಗದ್ದುಗೆ ಏರಿದ್ದು ಮುಆವಿಯಾ. ಅವರ ತಂದೆ ಅಬೂ ಸುಫಿಯಾನ್, ಮೆಕ್ಕಾದಲ್ಲಿ ಪೈಗಂಬರರ ವಿರುದ್ಧ ದಂಡು ಕಟ್ಟಿದ್ದ ಮುಖಂಡ. ಮುಆವಿಯಾ ಗದ್ದುಗೆಯನ್ನ ಮಗ ಯಜೀದನಿಗೆ ಕೊಟ್ಟು ವಂಶದ ಆಸ್ತಿ ಮಾಡಿದರು. ಅದನ್ನ ಒಪ್ಪದ ಅಲಿಯವರ ಮಗ ಹುಸೇನ್, 680ರಲ್ಲಿ ಕರ್ಬಲಾದಲ್ಲಿ ಒಂದು ಹಿಡಿ ಸಂಗಾತಿಗಳ ಜತೆ ನೀರಿಲ್ಲದೆ ನಿಂತು ಸತ್ತರು. ಅಲಿಯವರ ಮನೆತನದ ಪರ ನಿಂತವರೇ ಮುಂದೆ ಷಿಯಾಗಳಾದರು.

ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಹಾಕಿ ಸುತ್ತ ಕುಣೀತೀವಲ್ಲ, ಪಂಜಾ ಹೊರ್ತೀವಲ್ಲ, ಮುಸ್ಲಿಮರ ಒಂದು ಮನೆ ಇಲ್ಲದ ಊರಲ್ಲೂ ಬಾಬಯ್ಯನ ಹಬ್ಬ ಮಾಡ್ತೀವಲ್ಲ, ಆ ಹಸನ ಹುಸೇನರ ಹುಸೇನ್ ಇವರೇ. ಅವರ ಜತೆ ಸತ್ತವರಲ್ಲಿ ಜೌನ್ ಎಂಬ ಕಪ್ಪು ಮನುಷ್ಯರೂ ಇದ್ದರು, ಅವರು ಅಬೂ ಜರ್ ಬಿಡುಗಡೆ ಮಾಡಿದ್ದ ಗುಲಾಮರು ಅಂತ ಷಿಯಾ ಪರಂಪರೆ ನೆನೆಯುತ್ತೆ.

ಬೊಕ್ಕಸದ ಪ್ರಶ್ನೆ

636ರಿಂದ ಹತ್ತು ಹದಿನೈದು ವರ್ಷದಲ್ಲಿ ಸಿರಿಯಾ, ಇರಾಕ್, ಈಜಿಪ್ಟ್, ಇರಾನಿನ ದೊಡ್ಡ ಭಾಗ ಅರಬರ ಕೈ ಸೇರಿತು. ಇದು ಕತ್ತಿಯಿಂದಲೇ ಆಯಿತು, ಅನುಮಾನ ಬೇಡ. ಆದರೆ ರಾಜ್ಯ ಗೆದ್ದದ್ದು ಬೇರೆ, ಜನ ಧರ್ಮ ಬದಲಿಸಿದ್ದು ಬೇರೆ. ಇರಾನಿನಲ್ಲಿ ಮತಾಂತರ ಎರಡು ಮೂರು ಶತಮಾನದುದ್ದಕ್ಕೂ ನಿಧಾನವಾಗಿ ನಡೆಯಿತು ಅಂತ ರಿಚರ್ಡ್ ಬುಲಿಯೆಟ್ ಎಂಬ ಚರಿತ್ರಕಾರರು 1979ರ ಪುಸ್ತಕದಲ್ಲಿ ತೋರಿಸಿದ್ದಾರೆ. ಆಳುವವರಿಗೂ ಅವಸರ ಇರಲಿಲ್ಲ. ಯಾಕಂದರೆ ಮುಸ್ಲಿಮರಲ್ಲದವರು ಜಿಜಿಯಾ ಎಂಬ ತಲೆಗಂದಾಯ ಕೊಡಬೇಕು, ಮುಸ್ಲಿಮನಾದರೆ ಅದು ತಪ್ಪುತ್ತೆ, ಬೊಕ್ಕಸಕ್ಕೆ ನಷ್ಟ.

ಬಂದ ಹಣ ಹಂಚೋದು ಹೇಗೆ? ಅಬೂಬಕರ್ ಎಲ್ಲರಿಗೂ ಸಮನಾಗಿ ಹಂಚಿದರು. ಉಮರ್ ದಫ್ತರ ಮಾಡಿ, ಮೊದಲು ಧರ್ಮಕ್ಕೆ ಬಂದವರಿಗೆ ಹೆಚ್ಚು, ಆಮೇಲೆ ಬಂದವರಿಗೆ ಕಡಿಮೆ ಅಂತ ದರ್ಜೆ ಇಟ್ಟರು. ಉಸ್ಮಾನರ ಕಾಲಕ್ಕೆ ಕೆಲವರ ಕೈಲಿ ಸಂಪತ್ತು ಗುಡ್ಡೆ ಬಿತ್ತು. ಆಗ ಎದ್ದು ನಿಂತವರು ಅದೇ ಅಬೂ ಜರ್. ಚಿನ್ನ ಬೆಳ್ಳಿ ಕೂಡಿಟ್ಟವರಿಗೆ ಕುರಾನ್ ಏನು ಹೇಳಿದೆ ಅನ್ನೋದನ್ನ ಬೀದಿ ಬೀದಿಯಲ್ಲಿ ನೆನಪಿಸಿದರು. ಅವರು ಮದೀನಾದಿಂದ ದೂರ, ರಬಝಾ ಎಂಬ ಮರುಭೂಮಿಯ ಜಾಗ ಸೇರಬೇಕಾಯಿತು. 652ರ ಸುಮಾರಿಗೆ ಅಲ್ಲೇ ಸತ್ತರು.

ಇನ್ನು ಅರಬರಲ್ಲದೆ ಮುಸ್ಲಿಮರಾದವರ ಕಥೆ. ಅವರಿಗೆ ಮವಾಲಿಗಳು ಅಂತ ಹೆಸರು. ನಮ್ಮ ಬೀದಿಯ ಮವಾಲಿ ಅನ್ನುವ ಬೈಗುಳದ ಅರ್ಥ ಇಲ್ಲಿ ಬೇಡ. ಇಲ್ಲಿ ಅದಕ್ಕೆ ಆಶ್ರಿತರು ಅಂತ ಅರ್ಥ. ಧರ್ಮಕ್ಕೆ ಸೇರಿದರೂ ಸಾಲದು, ಯಾವುದಾದರೂ ಅರಬ ಕುಲದ ಬಾಲ ಹಿಡಿಯಬೇಕು. 694ರಿಂದ 714ರ ತನಕ ಇರಾಕಿನ ಅಧಿಕಾರಿಯಾಗಿದ್ದ ಹಜ್ಜಾಜ್, ಮುಸ್ಲಿಮರಾಗಿ ಪಟ್ಟಣ ಸೇರಿದ್ದ ರೈತರನ್ನ ವಾಪಸು ಹಳ್ಳಿಗೆ ಅಟ್ಟಿ, ಮೊದಲಿನ ಹಾಗೇ ತಲೆಗಂದಾಯ ಹಾಕಿದ. ಪಟ್ಟಣ ಬಿಟ್ಟು ಹೊರಡುವಾಗ ಅವರು ಅಳುತ್ತಾ ಪೈಗಂಬರರ ಹೆಸರು ಹಿಡಿದು ಕೂಗುತ್ತಿದ್ದರು ಅಂತ ಹಳೆಯ ಚರಿತ್ರೆ ಹೇಳುತ್ತೆ. ಕಲ್ಪಿಸಿಕೊಳ್ಳಿ. ಧರ್ಮ ಅವರನ್ನ ಸೋದರ ಅಂದಿತ್ತು, ಕಂದಾಯದ ಪುಸ್ತಕ ಅವರನ್ನ ಹಳೆಯ ಹೆಸರಲ್ಲೇ ಕೂಗಿತು.

717ರಲ್ಲಿ ಖಲೀಫರಾದ ಎರಡನೆಯ ಉಮರ್ ಇದನ್ನ ನಿಲ್ಲಿಸಲು ಹೊರಟರು. ಪೈಗಂಬರರು ಬಂದದ್ದು ದಾರಿ ತೋರೋಕೆ, ಕಂದಾಯ ವಸೂಲಿಗಲ್ಲ ಅನ್ನೋ ಅರ್ಥದ ಮಾತು ಅವರ ಹೆಸರಲ್ಲಿದೆ. ಆಳಿದ್ದು ಮೂರೇ ವರ್ಷ. 747ರಲ್ಲಿ ಇರಾನಿನ ಪೂರ್ವದ ಖುರಾಸಾನಿನಲ್ಲಿ ಕಪ್ಪು ಬಾವುಟದ ಬಂಡಾಯ ಎದ್ದಿತು. ಅದರಲ್ಲಿ ಮವಾಲಿಗಳ ಪಾಲು ದೊಡ್ಡದು. 750ರಲ್ಲಿ ಉಮಯ್ಯಾ ವಂಶ ಉರುಳಿತು, ಅಬ್ಬಾಸಿ ವಂಶ ಬಂತು. ಬಲ್ಖ್ ಊರಿನ ಬೌದ್ಧ ವಿಹಾರದ ಮುಖ್ಯಸ್ಥರ ಮನೆತನದಿಂದ ಬಂದ ಬರ್ಮಕಿಗಳು ಬಾಗ್ದಾದಿನಲ್ಲಿ ಮಂತ್ರಿಗಳಾದರು. ಸಮಾನತೆಯನ್ನ ಯಾರೂ ಹರಿವಾಣದಲ್ಲಿ ಇಟ್ಟು ಕೊಡಲಿಲ್ಲ. ಧರ್ಮ ಕೊಟ್ಟ ಮಾತನ್ನ ಹಿಡಿದು ಜಗಳ ಆಡಿದವರಿಗೆ ಒಂದಿಷ್ಟು ಸಿಕ್ಕಿತು.

ಮದುವೆಯ ಪ್ರಶ್ನೆ

ಪೈಗಂಬರರು ತಮ್ಮ ಸೋದರತ್ತೆಯ ಮಗಳು ಜೈನಬ್ ಅವರನ್ನ ಗುಲಾಮಗಿರಿಯಿಂದ ಬಂದ ಜೈದ್ ಅವರಿಗೆ ಮದುವೆ ಮಾಡಿಸಿದರು. ಆ ಮದುವೆ ಉಳಿಯಲಿಲ್ಲ, ವಿಚ್ಛೇದನ ಆಯಿತು. ಆಮೇಲೆ ಪೈಗಂಬರರೇ ಜೈನಬರನ್ನ ಮದುವೆಯಾದರು. ಈ ಜೈನಬ್ ಕೈಕೆಲಸದವರು. ಚರ್ಮ ಹದ ಮಾಡಿ, ಹೊಲಿದು, ಬಂದ ದುಡ್ಡನ್ನ ಬಡವರಿಗೆ ಕೊಡುತ್ತಿದ್ದರು ಅಂತ ಪರಂಪರೆ ಹೇಳುತ್ತೆ. ಪೈಗಂಬರರ ಮನೆಯೊಳಗೇ ಚರ್ಮದ ಕೆಲಸ ನಡೆಯಿತು, ಅದು ಪುಣ್ಯದ ಕೆಲಸ ಅನ್ನಿಸಿಕೊಂಡಿತು.

ಈಗ 12ನೇ ಶತಮಾನಕ್ಕೆ ಬನ್ನಿ. ಮಧ್ಯ ಏಷ್ಯಾದ ಮರ್ಗೀನಾನಿ ಎಂಬ ಪಂಡಿತರು ಹಿದಾಯಾ ಎಂಬ ಕಾನೂನು ಗ್ರಂಥ ಬರೆದರು. ನಮ್ಮ ದೇಶದ ಮದರಸಾಗಳಲ್ಲೂ ಅದನ್ನ ಓದಿಸುತ್ತಾರೆ. ಮದುವೆಗೆ ಸರಿಜೋಡಿ ಯಾರು ಅನ್ನುವ ಅಧ್ಯಾಯದಲ್ಲಿ ವಂಶ ಬರುತ್ತೆ, ಎಷ್ಟು ತಲೆಮಾರಿನಿಂದ ಮುಸ್ಲಿಮರು ಅನ್ನೋದು ಬರುತ್ತೆ, ಕಸುಬು ಬರುತ್ತೆ. ಕೀಳು ಕಸುಬಿಗೆ ಉದಾಹರಣೆಯಾಗಿ ಒಂದು ಅಭಿಪ್ರಾಯ ಎಣಿಸೋದು ಕೊಂಬು ಹಚ್ಚಿ ರಕ್ತ ತೆಗೆಯುವವರನ್ನ, ನೇಯುವವರನ್ನ, ಚರ್ಮ ಹದ ಮಾಡುವವರನ್ನ. ಜೈನಬರ ಕೈಕೆಲಸ ಎಲ್ಲಿಗೆ ಬಂತು ನೋಡಿ. ಎಲ್ಲ ಪಂಡಿತರೂ ಹೀಗೆ ಹೇಳಲಿಲ್ಲ. 795ರಲ್ಲಿ ತೀರಿಕೊಂಡ ಮದೀನಾದ ಮಾಲಿಕ್ ಅವರು ಸರಿಜೋಡಿಗೆ ಧರ್ಮನಡತೆಯೇ ಮುಖ್ಯ ಅಂದಿದ್ದರು. ಒಂದೇ ಗ್ರಂಥ ಓದಿದವರಲ್ಲಿ ಎರಡು ದಾರಿ.

ಇಂಥ ಲೆಕ್ಕಾಚಾರ ಜಾತಿಯ ದೇಶವಾದ ನಮ್ಮ ದೇಶಕ್ಕೆ ಬಂದ ಮೇಲೆ ಕೇಳಬೇಕೆ? ಮುಸ್ಲಿಮರಲ್ಲಿ ಅಶ್ರಫ್, ಅಜ್ಲಫ್, ಅರ್ಜಲ್ ಅನ್ನುವ ಮೇಲು ಕೀಳಿನ ವಿಂಗಡಣೆ 1901ರ ಬಂಗಾಳದ ಜನಗಣತಿ ವರದಿಯಲ್ಲಿ ದಾಖಲಾಗಿದೆ. ಬಾಬಾಸಾಹೇಬರು ಪಾಕಿಸ್ತಾನದ ಪ್ರಶ್ನೆ ಕುರಿತ ತಮ್ಮ ಪುಸ್ತಕದಲ್ಲಿ ಅದನ್ನ ಎತ್ತಿ ತೋರಿಸಿದ್ದಾರೆ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲೂ ಪಿಂಜಾರ, ನದಾಫ್ ಅಂತ ಬೇರೆ ಹೆಸರಿದೆ. ಹತ್ತಿ ಹಿಂಜುವ ಕಸುಬೇ ಹೆಸರಾಗಿದೆ.

ದುಡಿಮೆಯ ಪ್ರಶ್ನೆ

ಕೊನೆಯದು, ಗುಲಾಮಗಿರಿ. ಕುರಾನ್ ಗುಲಾಮರ ಬಿಡುಗಡೆಯನ್ನ ಪುಣ್ಯ ಅಂದಿತು, ಕೆಲವು ತಪ್ಪುಗಳಿಗೆ ಪ್ರಾಯಶ್ಚಿತ್ತ ಅಂತ ವಿಧಿಸಿತು. ಆದರೆ ಗುಲಾಮಗಿರಿಯನ್ನೇ ರದ್ದು ಮಾಡಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಮುಂದೆ ಬಂದ ಸಾಮ್ರಾಜ್ಯಗಳು ಅದನ್ನ ಪೂರ್ತಿ ತೆರೆಯಲಿಲ್ಲ, ಹೊಸ ಗುಲಾಮರನ್ನ ಒಳಗೆ ತಂದವು.

9ನೇ ಶತಮಾನದ ದಕ್ಷಿಣ ಇರಾಕ್. ಬಸ್ರಾ ಪಟ್ಟಣದ ಸುತ್ತ ಚೌಳು ನೆಲ. ಮೇಲಿನ ಉಪ್ಪಿನ ಪದರ ಕೆರೆದು ಗುಡ್ಡೆ ಹಾಕಿ ನೆಲವನ್ನ ಬೇಸಾಯಕ್ಕೆ ತರಬೇಕು. ಆ ಕೆಲಸಕ್ಕೆ ಪೂರ್ವ ಆಫ್ರಿಕಾದಿಂದ ತಂದ ಜಂಜ್ ಎಂಬ ಕಪ್ಪು ಗುಲಾಮರು. ಕೂಲಿ ಒಂದಿಷ್ಟು ಹಿಟ್ಟು, ಖರ್ಜೂರ. 869ರಲ್ಲಿ ಅವರು ದಂಗೆ ಎದ್ದರು. ಅಲಿ ಇಬ್ನ್ ಮುಹಮ್ಮದ್ ಎಂಬುವನು ನಾಯಕ. 871ರಲ್ಲಿ ಬಸ್ರಾ ಪಟ್ಟಣವನ್ನೇ ಹಿಡಿದರು, ಸ್ವಂತ ರಾಜಧಾನಿ ಕಟ್ಟಿದರು. ಬಾಗ್ದಾದಿನ ಸಾಮ್ರಾಜ್ಯ ಅವರನ್ನ ಮುರಿಯೋಕೆ ಹದಿನಾಲ್ಕು ವರ್ಷ ಬೇಕಾಯಿತು, 883ಕ್ಕೆ ಎಲ್ಲ ಮುಗಿಯಿತು. ಇನ್ನೂ ಒಂದು ಕಹಿ ಸತ್ಯ ಕೇಳಿ. ಆ ದಂಗೆಯವರೂ ಗೆದ್ದ ಊರಿನ ಜನರನ್ನ ಹಿಡಿದು ಗುಲಾಮರನ್ನಾಗಿ ಮಾಡಿಕೊಂಡರು. ಕೆಳಗೆ ಬಿದ್ದವನು ಮೇಲೆದ್ದ ಮಾತ್ರಕ್ಕೆ ಏಣಿ ಮುರಿಯೋದಿಲ್ಲ.

ಟ್ಯುನೀಷಿಯಾ 1846ರಲ್ಲಿ ಗುಲಾಮಗಿರಿ ರದ್ದು ಮಾಡಿತು, ಅಮೆರಿಕಕ್ಕಿಂತ 19 ವರ್ಷ ಮೊದಲು. ಬಿಲಾಲ್ ಹುಟ್ಟಿದ ನೆಲ, ಸೌದಿ ಅರೇಬಿಯಾ, ರದ್ದು ಮಾಡಿದ್ದು 1962ರಲ್ಲಿ. ಮಾರಿಟಾನಿಯಾ 1981ರಲ್ಲಿ. ಅಲ್ಲಿ ಅದನ್ನ ಶಿಕ್ಷೆಯ ಅಪರಾಧ ಮಾಡಿದ್ದು 2007ರಲ್ಲಿ.

ಗೆಳೆಯರೇ, ಇದರಿಂದ ಇಸ್ಲಾಮಿನ ಸಮಾನತೆ ಸುಳ್ಳು ಅಂತ ತೀರ್ಮಾನಿಸಿದರೆ ಬಿಲಾಲರಿಗೆ, ಸುಮೈಯಾಗೆ, ಅಬೂ ಜರ್‌ಗೆ ಅನ್ಯಾಯ ಮಾಡಿದ ಹಾಗೆ. ಮೆಕ್ಕಾದ ಸುಡುಮರಳಿನಲ್ಲಿ ಆ ಮಾತಿಗೆ ಅವರು ಮೈಯಿಂದ ಬೆಲೆ ಕೊಟ್ಟಿದ್ದಾರೆ. ಆ ಮಾತು ಇಲ್ಲದಿದ್ದರೆ ಮವಾಲಿಗಳಿಗೆ ಕೇಳೋಕೆ ಒಂದು ಆಧಾರವೂ ಇರುತ್ತಿರಲಿಲ್ಲ. ಸಮಾನತೆ ಸಾರಿದ್ದಾಯಿತಲ್ಲ, ಇನ್ನೇನು ಬೇಕು ಅನ್ನುವವರನ್ನ ನಂಬಿದರೆ ಆ ರೈತರಿಗೆ, ಉಪ್ಪು ಕೆರೆದವರಿಗೆ ಅನ್ಯಾಯ ಮಾಡಿದ ಹಾಗೆ. ಸಾರಿದ ಸಮಾನತೆಯನ್ನ ದಿನಾ ಕಾಯಬೇಕು. ಕಾಯುವವರು ಕಣ್ಣು ಮುಚ್ಚಿದ ರಾತ್ರಿಯೇ ಕುಲ ವಾಪಸು ಬಂದು ತನ್ನ ಜಾಗದಲ್ಲಿ ಕೂರುತ್ತೆ.

ಇನ್ನು ಮೇಲೆ ಯಾರೇ ಬಂದು, ಯಾವ ಧರ್ಮದವರೇ ಆಗಲಿ, ಯಾವ ಪಕ್ಷದವರೇ ಆಗಲಿ, ನಮ್ಮಲ್ಲಿ ಎಲ್ಲರೂ ಸಮಾನರು ಅಂದರೆ, ಕೈ ಕಟ್ಟಿ ಕೇಳಿಸಿಕೊಳ್ಳಿ. ಆಮೇಲೆ ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿ. ನಿಮ್ಮ ಗದ್ದುಗೆ ಮೇಲೆ ಯಾರು ಕೂತಿದ್ದಾರೆ? ನಿಮ್ಮ ಬೊಕ್ಕಸದ ಪುಸ್ತಕದಲ್ಲಿ ಯಾರ ಹೆಸರು ಮುಂದಿದೆ? ಯಾರ ಮಗಳನ್ನ ಯಾರಿಗೆ ಕೊಡ್ತೀರಿ? ನಿಮ್ಮ ಚೌಳು ನೆಲದ ಉಪ್ಪು ಕೆರೆಯುವವರು ಯಾರು? ಅದೇ ನಾಲ್ಕು ಪ್ರಶ್ನೆ ನಮ್ಮ ಮನೆಗೆ, ನಮ್ಮ ಹಾಸ್ಟೆಲಿಗೆ, ನಮ್ಮ ಸಭೆಗಳಿಗೂ ಕೇಳಬೇಕು. ಗೆಳತಿಯರು ಹಿಂದಿನ ಸಾಲಿನಲ್ಲಿ ಯಾಕೆ ಕೂತಿದ್ದಾರೆ ಅನ್ನೋದರಿಂದಲೇ ಶುರು ಮಾಡಬಹುದು.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ. ಈಗ ನೀವು ಕೇಳಿ.